ಲಗಾಮು ಸಡಿಲಿಸುವ ಪಂದ್ಯ

ಪ್ರಶ್ನೆ: ಎಂಟನೇ ತರಗತಿಯಲ್ಲಿ ಓದುವ ನನ್ನ ಮಗಳು ‘ಹೌರ್ಸ್’ ಎಂಬ ಆನ್‌ಲೈನ್ ಆಟದಲ್ಲಿ ಕುದುರೆ ಸಾಕುತ್ತಾಳೆ. ಕುದುರೆಗೆ ಮೂರು ವರ್ಷವಾದಾಗ ‘ಕ್ಲಾಸಿಕ್’ ಅಥವಾ ‘ವೆಸ್ಟರ್ನ್’ ಎಂದು ಆರಿಸಬೇಕಂತೆ. ಅವಳು ವೆಸ್ಟರ್ನ್ ಆರಿಸಿದ್ದಾಳೆ. ಬ್ಯಾರೆಲ್ ರೇಸಿಂಗ್, ಕಟಿಂಗ್, ರೈನಿಂಗ್, ಟ್ರೇಲ್ ಕ್ಲಾಸ್, ವೆಸ್ಟರ್ನ್ ಪ್ಲೆಶರ್ ಎಂದು ಐದು ಸ್ಪರ್ಧೆಗಳಿವೆ. “ಕಟಿಂಗ್‌ನಲ್ಲಿ ಕುದುರೆ ಏನಮ್ಮಾ ಮಾಡತ್ತೆ?” ಎಂದು ಕೇಳಿದಳು, ನನಗೆ ಹೇಳಲಾಗಲಿಲ್ಲ. ಇವು ನಿಜವಾಗಿ ನಡೆಯುವ ಸ್ಪರ್ಧೆಗಳೇ? ಒಂದೇ ಕುದುರೆ ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಸೋಲುವುದೇಕೆ? ನಮ್ಮ ಬೆಂಗಳೂರಿನಲ್ಲಿ ಇದನ್ನು ಕಲಿಯಬಹುದೇ?

ಉತ್ತರ: ಐದೂ ನಿಜವಾದ ಸ್ಪರ್ಧೆಗಳೇ. ಅಮೆರಿಕದ ಟೆಕ್ಸಾಸ್, ಒಕ್ಲಹೋಮಾ ಕಡೆ ಶನಿವಾರ ಬಂತೆಂದರೆ ಗಾಡಿಯ ಹಿಂದೆ ಟ್ರೇಲರ್ ಕಟ್ಟಿ, ಕುದುರೆ ಏರಿಸಿಕೊಂಡು ಇವುಗಳಿಗೆ ಹೊರಡುವ ಕುಟುಂಬಗಳು ಬಹಳ. ಇಟಲಿ, ಜರ್ಮನಿಗಳಲ್ಲೂ ರೈನಿಂಗ್ ಚೆನ್ನಾಗಿ ಬೇರೂರಿದೆ. ನೀವು ಕೇಳಿದ ಮೂರಕ್ಕಿಂತ ನಿಮ್ಮ ಮಗಳ ಪ್ರಶ್ನೆಯೇ ಒಳ್ಳೆಯದು. ಅದಕ್ಕೆ ಸರಿಯಾಗಿ ಉತ್ತರ ಹೇಳಿದರೆ ಉಳಿದ ನಾಲ್ಕು ಸ್ಪರ್ಧೆಗಳೂ ಅರ್ಥವಾಗುತ್ತವೆ.

ಬ್ಯಾರೆಲ್ ರೇಸಿಂಗ್ ಒಂದನ್ನು ಬಿಟ್ಟರೆ ಇವೆಲ್ಲ ದನ ಕಾಯುವ ಕೆಲಸದಿಂದ ಹುಟ್ಟಿದವು. 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ಟೆಸ್ ಮೆಕ್ಸಿಕೋಗೆ 16 ಕುದುರೆಗಳನ್ನು ಹಡಗಿನಲ್ಲಿ ತಂದಿಳಿಸಿದ. ಮುಂದೆ ಸ್ಪೇನಿನವರ ದನಗಳೂ ಕುದುರೆಗಳೂ ಅಲ್ಲಿ ಹಬ್ಬಿದವು. ಕುದುರೆಯ ಮೇಲೆ ಕೂತು ದನ ಕಾಯುವ ‘ವಕೇರೋ’ಗಳು ತಯಾರಾದರು. ಟೆಕ್ಸಾಸಿನ ಕೌಬಾಯ್ ಹಗ್ಗ, ಜೀನು, ಸವಾರಿ ಎಲ್ಲವನ್ನೂ ಕಲಿತದ್ದು ಇವರಿಂದ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲಿನ ಎರಡು ದಶಕ ಈ ಕೆಲಸದ ದೊಡ್ಡ ಕಾಲ. ಆಗ ಬಯಲಿಗೆ ಬೇಲಿ ಇರಲಿಲ್ಲ. ಮುಳ್ಳುತಂತಿಗೆ ಗ್ಲಿಡನ್ ಎಂಬಾತ ಪೇಟೆಂಟ್ ಪಡೆದದ್ದೇ 1874ರಲ್ಲಿ. ಹತ್ತಾರು ಮಾಲೀಕರ ದನಗಳು ಒಂದೇ ಬಯಲಲ್ಲಿ ಬೆರೆತು ಮೇಯುತ್ತಿದ್ದವು. ವಸಂತ ಬಂದಾಗ ಎಲ್ಲವನ್ನೂ ಒಂದೆಡೆ ಕೂಡಿಹಾಕಿ, ಯಾವ ಹಸುವಿನ ಮೈಮೇಲೆ ಯಾರ ಮುದ್ರೆ ಇದೆ ನೋಡಿ, ಅದರ ಹಿಂದೆ ಬರುವ ಕರುವಿಗೂ ಅದೇ ಮುದ್ರೆ ಒತ್ತಬೇಕು. ಅದಕ್ಕೆ ಆ ಹಸು ಕರುವನ್ನು ನೂರಾರು ದನಗಳ ನಡುವಿನಿಂದ ಆಚೆ ತರಬೇಕು. ಆ ಕೆಲಸವೇ ಕಟಿಂಗ್.

ಹೇಳಿದಷ್ಟು ಸುಲಭವಲ್ಲ ಅದು. ದನ ಗುಂಪಿನ ಪ್ರಾಣಿ. ಮಂದೆಯಿಂದ ಬೇರೆಯಾದ ಕ್ಷಣವೇ ಅದಕ್ಕೆ ಭಯ ಹತ್ತುತ್ತದೆ, ಹೇಗಾದರೂ ಒಳಗೆ ನುಗ್ಗಲು ನೋಡುತ್ತದೆ. ಎಡಕ್ಕೆ ಓಡುವಂತೆ ನಟಿಸಿ ಬಲಕ್ಕೆ ತಿರುಗುತ್ತದೆ. ಸವಾರ ಅದನ್ನು ಕಂಡು, ಯೋಚಿಸಿ, ಲಗಾಮು ಎಳೆದು ಕುದುರೆಗೆ ತಿಳಿಸುವಷ್ಟರಲ್ಲಿ ದನ ಮಂದೆ ಸೇರಿರುತ್ತದೆ. ಹಾಗಾಗಿ ಇಲ್ಲಿ ಕುದುರೆಯೇ ದನವನ್ನು ಓದಬೇಕು, ಕುದುರೆಯೇ ತೀರ್ಮಾನ ಮಾಡಬೇಕು. ಇಂಥ ಕುದುರೆ ಇದ್ದವನಿಗೆ ಆ ಬಯಲಲ್ಲಿ ದೊಡ್ಡ ಮರ್ಯಾದೆ. ನನ್ನ ಕುದುರೆ ಹೆಚ್ಚೋ ನಿನ್ನದು ಹೆಚ್ಚೋ ಎಂಬ ಮಾತು ಪಂದ್ಯಕ್ಕೆ ತಿರುಗಲು ಹೆಚ್ಚು ದಿನ ಬೇಕಾಗಲಿಲ್ಲ. 1898ರಲ್ಲಿ ಟೆಕ್ಸಾಸಿನ ಹ್ಯಾಸ್ಕೆಲ್ ಎಂಬ ಊರಿನ ಕೌಬಾಯ್ ಕೂಟದಲ್ಲಿ 150 ಡಾಲರ್ ಬಹುಮಾನ ಇಟ್ಟು ಕಟಿಂಗ್ ಪಂದ್ಯ ನಡೆಸಿದರು. ಗೆದ್ದವನು ಸ್ಯಾಮ್ ಗ್ರೇವ್ಸ್, ಅವನ ಕುದುರೆ ಓಲ್ಡ್ ಹಬ್. ಆಗ ಅದರ ವಯಸ್ಸು 22. ಕೆಲಸದಿಂದ ಬಿಡುಗಡೆ ಪಡೆದಿದ್ದ ಮುದಿ ಕುದುರೆಯನ್ನು ಮತ್ತೆ ಮೇವು ಹಾಕಿ ಸಜ್ಜುಗೊಳಿಸಿ ಕರೆತಂದಿದ್ದರು. ಕಾಲಿನ ಬಲ ಇಳಿದಿದ್ದರೂ ದನದ ಮನಸ್ಸು ಓದುವ ಬುದ್ಧಿ ಅದಕ್ಕೆ ಹಾಗೇ ಉಳಿದಿತ್ತು.

ಇಂದಿನ ಕಟಿಂಗ್ ಕಣದಲ್ಲಿ ಸವಾರನಿಗೆ ಸಿಗುವುದು ಎರಡೂವರೆ ನಿಮಿಷ. ಹಿಂಬದಿಯ ಬೇಲಿಗೆ ಒತ್ತಿ ಎಳೆಯ ದನಗಳ ಮಂದೆ ನಿಂತಿರುತ್ತದೆ. ಸಹಾಯಕ್ಕೆ ನಾಲ್ವರು ಸವಾರರು: ಇಬ್ಬರು ಮಂದೆ ಚದುರದಂತೆ ಹಿಡಿದಿರುತ್ತಾರೆ, ಇನ್ನಿಬ್ಬರು ಎದುರು ನಿಂತು, ಹೊರಬಂದ ದನ ಕಣದ ಆಚೆ ತುದಿಗೆ ಓಡಿಹೋಗದಂತೆ ನೋಡಿಕೊಳ್ಳುತ್ತಾರೆ. ಸ್ಪರ್ಧಿ ಮೆಲ್ಲಗೆ ಕುದುರೆಯನ್ನು ಮಂದೆಯೊಳಗೆ ನಡೆಸುತ್ತಾನೆ. ಇಲ್ಲಿ ಆತುರ ಕೂಡದು, ಮಂದೆ ಬೆದರಿದರೆ ಆಟ ಅಲ್ಲಿಗೇ ಕೆಟ್ಟಿತು. ಒಂದು ದನವನ್ನು ಆರಿಸಿ, ಉಳಿದವು ಎರಡೂ ಬದಿಯಲ್ಲಿ ಹರಿದುಹೋಗಲು ಬಿಟ್ಟು, ಅದೊಂದೇ ಎದುರಿಗೆ ಉಳಿಯುವಂತೆ ಮಾಡುತ್ತಾನೆ. ಆಮೇಲೆ ಅವನು ಲಗಾಮು ಹಿಡಿದ ಕೈಯನ್ನು ಕುದುರೆಯ ಕತ್ತಿನ ಮೇಲೆ ಇಳಿಸಿಬಿಡುತ್ತಾನೆ. ಇನ್ನೊಂದು ಕೈಯಲ್ಲಿ ಜೀನಿನ ಮುಂದಿನ ಕೊಂಬು ಹಿಡಿದು ಕೂರುತ್ತಾನೆ, ಅಷ್ಟೇ.

ಅಲ್ಲಿಂದ ಕುದುರೆಯದೇ ರಾಜ್ಯ. ಮುಂಗಾಲು ಚಾಚಿ, ಎದೆ ನೆಲದತ್ತ ತಗ್ಗಿಸಿ, ಕಿವಿ ಮುಂದೆ ಮಾಡಿ ದನದ ಕಣ್ಣಿಗೆ ಕಣ್ಣಿಟ್ಟು ನಿಲ್ಲುತ್ತದೆ. ದನ ಅಲುಗಿದರೆ ಅಲುಗುತ್ತದೆ, ನಿಂತರೆ ನಿಲ್ಲುತ್ತದೆ. ಕಬಡ್ಡಿಯಲ್ಲಿ ರೈಡರನ ಸೊಂಟದ ಮೇಲೇ ಕಣ್ಣಿಟ್ಟು, ಅವನ ಹುಸಿ ಹೆಜ್ಜೆಗೆ ಮೋಸ ಹೋಗದೆ ಕಾಯುವ ಡಿಫೆಂಡರನನ್ನು ನೆನೆಸಿಕೊಳ್ಳಿ, ಹೆಚ್ಚುಕಡಿಮೆ ಅದೇ ಜಾಣ್ಮೆ. ಈ ಹೊತ್ತಿನಲ್ಲಿ ಸವಾರ ಲಗಾಮು ಎಳೆದರೆ ಅಂಕ ಕಳೆಯುತ್ತಾರೆ. ದನ ತಪ್ಪಿಸಿಕೊಂಡು ಮಂದೆ ಸೇರಿದರೆ ಐದು ಅಂಕ ಹೋಯಿತು. ದನ ಸೋತು ಬೆನ್ನು ತಿರುಗಿಸಿದಾಗ ಅಥವಾ ಸುಮ್ಮನೆ ನಿಂತಾಗ ಅದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಬಹುದು. ಒಬ್ಬೊಬ್ಬ ತೀರ್ಪುಗಾರನೂ 60ರಿಂದ 80ರ ನಡುವೆ ಅಂಕ ಕೊಡುತ್ತಾನೆ. ಅಮೆರಿಕದಲ್ಲಿ ಈ ಸ್ಪರ್ಧೆಯನ್ನು ನೋಡಿಕೊಳ್ಳುವ ನ್ಯಾಷನಲ್ ಕಟಿಂಗ್ ಹಾರ್ಸ್ ಅಸೋಸಿಯೇಷನ್ 1946ರಲ್ಲಿ ಶುರುವಾದದ್ದು. ಕುದುರೆಗೆ ಸಂಬಂಧಿಸಿದ ಆಟಗಳಲ್ಲಿ ಇದಕ್ಕಿಂತ ಸುಂದರವಾದದ್ದನ್ನು ನಾನು ಕಂಡಿಲ್ಲ. ಮನುಷ್ಯ ಕೈ ಕೆಳಗಿಳಿಸಿ ಪ್ರಾಣಿಯ ತಿಳಿವಳಿಕೆಯನ್ನು ನಂಬಬೇಕು ಎಂಬುದನ್ನೇ ನಿಯಮ ಮಾಡಿಟ್ಟ ಸ್ಪರ್ಧೆ ಇದು.

ಈಗ ಆಟದ ವಿಷಯಕ್ಕೆ ಬರೋಣ. ಹೌರ್ಸ್ ಫ್ರಾನ್ಸಿನ ಔಲಿಯೆಂಟ್ ಎಂಬ ಸಂಸ್ಥೆ 2005ರಲ್ಲಿ ಹೊರತಂದ ಆಟ. 2011ರಲ್ಲಿ ಯೂಬಿಸಾಫ್ಟ್ ಆ ಸಂಸ್ಥೆಯನ್ನು ಕೊಂಡುಕೊಂಡಿತು. ಅದರಲ್ಲಿ ಪ್ರತಿ ಕುದುರೆಗೂ ಆರು ಸಾಮರ್ಥ್ಯಗಳನ್ನು ಅಂಕಿಯಲ್ಲಿ ಬರೆದಿರುತ್ತಾರೆ: ತ್ರಾಣ, ವೇಗ, ಡ್ರೆಸಾಜ್, ಗ್ಯಾಲಪ್, ಟ್ರಾಟ್, ಜಿಗಿತ. ಡ್ರೆಸಾಜ್ ಎಂದರೆ ಸವಾರನ ಸೂಚನೆಗೆ ಮೈ ಒಗ್ಗಿಸಿ ನಡೆಯುವ ತರಬೇತಿ; ಗ್ಯಾಲಪ್ ಎಂದರೆ ನಾಗಾಲೋಟ, ಟ್ರಾಟ್ ಎಂದರೆ ಕುಕ್ಕುಲೋಟ. ಒಂದೊಂದು ಸ್ಪರ್ಧೆಯೂ ಈ ಆರರಲ್ಲಿ ಮೂರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬ್ಯಾರೆಲ್ ರೇಸಿಂಗಿಗೆ ವೇಗ, ತ್ರಾಣ, ಗ್ಯಾಲಪ್. ಕಟಿಂಗಿಗೆ ತ್ರಾಣ, ಡ್ರೆಸಾಜ್, ವೇಗ. ರೈನಿಂಗಿಗೆ ಗ್ಯಾಲಪ್, ಡ್ರೆಸಾಜ್, ತ್ರಾಣ. ವೆಸ್ಟರ್ನ್ ಪ್ಲೆಶರಿಗೆ ತ್ರಾಣ, ಡ್ರೆಸಾಜ್, ಟ್ರಾಟ್. ಟ್ರೇಲ್ ಕ್ಲಾಸಿಗೆ ಡ್ರೆಸಾಜ್, ಟ್ರಾಟ್, ಜಿಗಿತ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ವೇಗವೂ ಗ್ಯಾಲಪ್ಪೂ ಜೋರಾಗಿದ್ದು ಟ್ರಾಟ್ ಸಪ್ಪೆಯಾಗಿರುವ ಕುದುರೆ ಬ್ಯಾರೆಲ್ ರೇಸಿಂಗ್‌ನಲ್ಲಿ ಗೆದ್ದು ಟ್ರೇಲಿನಲ್ಲಿ ಸೋಲುವುದು ಸಹಜ. ಮಗಳಿಗೆ ಹೇಳಿ: ಐದರಲ್ಲೂ ಓಡಿಸಿ ಕುದುರೆಯ ಶಕ್ತಿ ಕರಗಿಸುವ ಬದಲು, ಅದರ ಆರು ಅಂಕಿಗಳಲ್ಲಿ ಮೇಲಿನ ಮೂರು ಯಾವುವೆಂದು ನೋಡಿ, ಅವೇ ಮೂರು ಬೇಕಾಗುವ ಸ್ಪರ್ಧೆಗೆ ಹೆಸರು ಕೊಡಲಿ. ಮೂರೂ ಹೊಂದದಿದ್ದರೆ ಎರಡಾದರೂ ಹೊಂದುವ ಕಡೆ ಹೋಗಲಿ.

ಈ ಲೆಕ್ಕವನ್ನು ಮಾಡಿದವರು ಕುದುರೆಗಳನ್ನು ಬಲ್ಲವರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ರೈನಿಂಗಿಗೆ ಗ್ಯಾಲಪ್ಪನ್ನೂ ಡ್ರೆಸಾಜನ್ನೂ ಜೊತೆಗೂಡಿಸಿದ್ದು ಬಹಳ ಸರಿ. ಆದರೆ ಕಟಿಂಗ್‌ನ ಲೆಕ್ಕದಲ್ಲಿ ದನವೇ ಇಲ್ಲ. ತ್ರಾಣ, ವೇಗ, ವಿಧೇಯತೆ ಮೂರನ್ನೂ ಕೂಡಿಸಿದರೂ ಓಲ್ಡ್ ಹಬ್ ಆಗುವುದಿಲ್ಲ, 22ರ ಮುದಿ ಕುದುರೆಗೆ ಅವು ಮೂರೂ ಕಡಿಮೆಯೇ. ಅದಕ್ಕಿದ್ದ ಏಳನೆಯ ಸಾಮರ್ಥ್ಯಕ್ಕೆ ಟೆಕ್ಸಾಸಿನವರು ‘ಕೌ ಸೆನ್ಸ್’ ಎನ್ನುತ್ತಾರೆ. ಅದು ಮರಿಗಳಿಗೆ ರಕ್ತದಲ್ಲಿ ಇಳಿದು ಬರುತ್ತದೆ, ತರಬೇತಿಯಿಂದ ಹರಿತವಾಗುತ್ತದೆ, ಆದರೆ ಇಲ್ಲದ ಕುದುರೆಗೆ ಕಲಿಸಲಾಗದು ಎಂಬುದು ಅಲ್ಲಿಯ ತರಬೇತುದಾರರ ನಂಬಿಕೆ.

ರಕ್ತದ ಮಾತು ಬಂದದ್ದರಿಂದ ಡಾಕ್ ಬಾರ್ ಕಥೆ ಹೇಳಬೇಕು. ಆಟದಲ್ಲಿ ಮರಿ ಹಾಕಿಸುವ ಮಕ್ಕಳಿಗೆಲ್ಲ ಇದು ಇಷ್ಟವಾಗುತ್ತದೆ. 1956ರಲ್ಲಿ ಹುಟ್ಟಿದ ಈ ಕ್ವಾರ್ಟರ್ ಹಾರ್ಸ್ ಗಂಡು ಕುದುರೆಯನ್ನು ಓಟಕ್ಕೆಂದು ಬೆಳೆಸಿದ್ದರು. ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್ ಓಟದಲ್ಲಿ ಕ್ವಾರ್ಟರ್ ಹಾರ್ಸನ್ನು ಮೀರಿಸುವ ತಳಿ ಇಲ್ಲ, ಹೆಸರೂ ಅದರಿಂದಲೇ ಬಂದದ್ದು. ಡಾಕ್ ಬಾರ್ ಮಾತ್ರ ಓಟದಲ್ಲಿ ಗಳಿಸಿದ್ದು ಒಟ್ಟು 95 ಡಾಲರ್. ಮೈಕಟ್ಟು ಚೆಲುವಾಗಿತ್ತೆಂದು ಅಂದ ನೋಡುವ ಸ್ಪರ್ಧೆಗೆ ಇಳಿಸಿದರು, ಅಲ್ಲಿ ಗೆದ್ದಿತು. ಅದನ್ನು ಪೋಕೋ ಟಿವಿಯೋ ಎಂಬ ಕುದುರೆಯ ಹೆಣ್ಣುಮಕ್ಕಳಿಗೆ ಕೂಡಿಸಿದಾಗ ಹುಟ್ಟಿದ ಮರಿಗಳು ದನದ ಮುಂದೆ ನಿಂತವು ನೋಡಿ, ನೋಡಿದವರು ಬೆರಗಾದರು. ಡಾಕ್ ಬಾರ್‌ನ ಇನ್ನೊಂದು ಮರಿ ಡಾಕ್ ಓಲೀನಾ, ಮೂರು ವರ್ಷದ ಕುದುರೆಗಳ ಪಂದ್ಯವಾದ ಕಟಿಂಗ್ ಫ್ಯೂಚುರಿಟಿಯನ್ನು 1970ರಲ್ಲಿ ಗೆದ್ದಿತು. ಇಂದಿನ ಕಟಿಂಗ್ ಕುದುರೆಗಳ ವಂಶಾವಳಿ ತೆಗೆದರೆ ಡಾಕ್ ಬಾರ್ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಓಟದ ಕುದುರೆಯಾಗಿ ಸೋತದ್ದು ದನದ ಕುದುರೆಗಳ ಮೂಲಪುರುಷನಾಯಿತು. ಅದರೊಳಗೆ ಏನಿದೆ ಎಂಬುದನ್ನು ಯಾರೂ ಮೊದಲೇ ಅಂಕಿಯಲ್ಲಿ ಬರೆದಿಟ್ಟಿರಲಿಲ್ಲ.

ರೈನಿಂಗ್ ಕಟಿಂಗ್‌ಗೆ ತೀರ ಹತ್ತಿರದ್ದು, ಆದರೆ ಇಲ್ಲಿ ದನ ಇಲ್ಲ, ಸವಾರ ಹೇಳಿದಂತೆ ಕುದುರೆ ನಡೆಯಬೇಕು. ವರ್ತುಲ ಸುತ್ತುವುದು, ಒಂದು ಹಿಂಗಾಲನ್ನು ಊರಿ ಗಿರಗಿರನೆ ತಿರುಗುವುದು, ಓಡಿ ಬಂದು ನಿಲ್ಲುವುದು, ನಿಂತಲ್ಲೇ ಮಗ್ಗುಲು ತಿರುಗಿ ಮತ್ತೆ ಓಡುವುದು, ಹಿಂದಕ್ಕೆ ನಡೆಯುವುದು: ಇವನ್ನೆಲ್ಲ ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಮಾಡಿ ತೋರಿಸಬೇಕು. ಎಲ್ಲರಿಗೂ ಶುರುವಿಗೇ 70 ಅಂಕ. ಒಂದೊಂದು ಚಲನೆಗೂ ಗರಿಷ್ಠ ಒಂದೂವರೆ ಅಂಕ ಕೂಡಿಸುತ್ತಾರೆ ಅಥವಾ ಕಳೆಯುತ್ತಾರೆ. ಇದರಲ್ಲಿ ಜನ ಎದ್ದು ನಿಂತು ಕೂಗುವುದು ಜಾರಿ ನಿಲ್ಲುವ ಆ ನಿಲುಗಡೆಗೆ. ಪೂರ್ಣ ವೇಗದಲ್ಲಿ ಬಂದ ಕುದುರೆ ಹಿಂಭಾಗವನ್ನು ಕುಸಿಸಿ, ಹಿಂಗಾಲೆರಡನ್ನೂ ನೆಲಕ್ಕೆ ಕಚ್ಚಿ ಇಪ್ಪತ್ತು ಮೂವತ್ತು ಅಡಿ ಜಾರುತ್ತದೆ. ಮುಂಗಾಲುಗಳು ಮಾತ್ರ ಜಾರದೆ ಹೆಜ್ಜೆ ಹಾಕುತ್ತಲೇ ಇರುತ್ತವೆ. ಅದಕ್ಕೆಂದೇ ಹಿಂಗೊರಸಿಗೆ ಅಗಲವಾದ, ನುಣುಪಾದ ಲಾಳ ಹೊಡೆಯುತ್ತಾರೆ. ಕಣದ ತಳ ಗಟ್ಟಿಯಾಗಿದ್ದು ಮೇಲಿನ ಮಣ್ಣು ಸಡಿಲವಾಗಿರುವಂತೆ ಹದ ಮಾಡುತ್ತಾರೆ. ಇದೂ ಕೆಲಸದಿಂದ ಬಂದದ್ದೇ. ಓಡುವ ದನದ ಕೊರಳಿಗೆ ಹಗ್ಗ ಬಿದ್ದ ಕೂಡಲೇ ಅದರ ಇನ್ನೊಂದು ತುದಿಯನ್ನು ಜೀನಿನ ಕೊಂಬಿಗೆ ಸುತ್ತುತ್ತಾರೆ. ಆ ಜಗ್ಗಾಟವನ್ನು ತಡೆಯಬೇಕಾದರೆ ಕುದುರೆ ಕುಳಿತಂತೆ ನಿಲ್ಲಬೇಕು. ಒಂದು ಕೈಗೆ ಹಗ್ಗ ಬೇಕಾದ್ದರಿಂದಲೇ ಲಗಾಮು ಒಂದೇ ಕೈಯಲ್ಲಿ ಹಿಡಿಯುವ ಪದ್ಧತಿ. ಕೊಂಬಿರುವ, ಅಗಲವಾದ, ಭಾರದ ವೆಸ್ಟರ್ನ್ ಜೀನು ಕೂಡ ಇಡೀ ದಿನ ಸವಾರಿ ಮಾಡುವವರಿಗಾಗಿ ಮಾಡಿದ್ದು. ನಿಮ್ಮ ಮಗಳು ಆಟದ ಅಂಗಡಿಯಲ್ಲಿ ಕೊಂಡ ಜೀನಿನ ಚಿತ್ರ ನೋಡಲಿ, ಮುಂದೆ ಕೊಂಬು ಕಾಣುತ್ತದೆ.

ರೈನಿಂಗ್ 2000ದಲ್ಲಿ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ಕೆಳಗೆ ಬಂದು, ವಿಶ್ವ ಅಶ್ವಕ್ರೀಡಾಕೂಟಗಳಲ್ಲೂ ನಡೆಯಿತು. 2021ರ ಕೊನೆಗೆ ಆ ಸಂಬಂಧ ಮುಗಿಯಿತು. ಒಲಿಂಪಿಕ್ಸ್‌ಗೆ ಇದು ಹೋಗಲೇ ಇಲ್ಲ. ಯೂಟ್ಯೂಬಿನಲ್ಲಿ ಮಗಳಿಗೆ ಒಂದೇ ಒಂದು ವಿಡಿಯೊ ತೋರಿಸಬೇಕೆಂದರೆ ಸ್ಟೇಸಿ ವೆಸ್ಟ್‌ಫಾಲ್ ಅವರದನ್ನು ತೋರಿಸಿ. 2006ರಲ್ಲಿ ಒಹಾಯೋದ ಕೊಲಂಬಸ್‌ನಲ್ಲಿ ಆಕೆ ಜೀನೂ ಇಲ್ಲದೆ ಲಗಾಮೂ ಇಲ್ಲದೆ ರಾಕ್ಸಿ ಎಂಬ ಕಪ್ಪು ಹೆಣ್ಣು ಕುದುರೆಯ ಬರಿಬೆನ್ನಿನ ಮೇಲೆ ಕೂತು ಈ ಎಲ್ಲ ಚಲನೆಗಳನ್ನೂ ಮಾಡಿ ಗೆದ್ದರು. ಕೆಲವೇ ವಾರಗಳ ಹಿಂದೆ ತೀರಿಕೊಂಡಿದ್ದ ತಂದೆಗೆ ಆ ಸವಾರಿಯನ್ನು ಅರ್ಪಿಸಿದ್ದರು.

ಟ್ರೇಲ್ ಕ್ಲಾಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುದುರೆಯಿಂದ ಇಳಿಯದೆ ಗೇಟು ತೆಗೆದು ದಾಟಿ ಮತ್ತೆ ಮುಚ್ಚುವುದು, ಮರದ ಸೇತುವೆ ಮೇಲೆ ನಡೆಯುವುದು, ನೆಲದ ಮೇಲಿಟ್ಟ ಕಂಬಗಳ ನಡುವೆ ಹಿಂದಕ್ಕೆ ನಡೆಯುವುದು. ದನದ ದೊಡ್ಡಿ, ಹುಲ್ಲುಗಾವಲುಗಳ ದಿನನಿತ್ಯದ ಕೆಲಸ. ಇದಕ್ಕೆ ಆಟದಲ್ಲಿ ಜಿಗಿತದ ಅಂಕಿ ಸೇರಿಸಿರುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ನಿಜದ ಟ್ರೇಲ್‌ನಲ್ಲಿ ಬೇಕಾದದ್ದು ನೋಡಿ ಹೆಜ್ಜೆ ಇಡುವ ತಾಳ್ಮೆ. ವೆಸ್ಟರ್ನ್ ಪ್ಲೆಶರ್‌ನಲ್ಲಿ ಹತ್ತಾರು ಸವಾರರು ಒಟ್ಟಿಗೆ ಕಣದ ಅಂಚಿನಲ್ಲಿ ನಡಿಗೆ, ನಿಧಾನದ ಟ್ರಾಟ್, ನಿಧಾನದ ಓಟ ತೋರಿಸುತ್ತಾರೆ. ದಿನವಿಡೀ ಕೂತರೂ ಮೈ ನೋಯದ ಕುದುರೆ ಯಾವುದು ಎಂಬುದೇ ಅಲ್ಲಿ ಪರೀಕ್ಷೆ. ಇದರಲ್ಲಿ ಒಂದು ಕೆಟ್ಟ ಚಟ ಬೆಳೆಯಿತು. ಶಾಂತವಾಗಿ ಕಾಣಲೆಂದು ಕುದುರೆಗಳ ತಲೆಯನ್ನು ಮೊಣಕಾಲಿನತ್ತ ತಗ್ಗಿಸಿ, ನಡೆ ಸಹಜವಲ್ಲದಷ್ಟು ನಿಧಾನ ಮಾಡಿ ತರಬೇತಿ ಕೊಡತೊಡಗಿದರು. ಟೀಕೆ ಜೋರಾಯಿತು. 1940ರಲ್ಲಿ ಸ್ಥಾಪನೆಯಾದ ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ ಕುದುರೆಯ ಕಿವಿಯ ತುದಿ ಹೆಗಲಿನ ಉಬ್ಬಿಗಿಂತ ಕೆಳಗೇ ಇರುವುದನ್ನು ತಪ್ಪೆಂದು ನಿಯಮ ಮಾಡಿದೆ. ನಿಯಮ ಬಂದದ್ದು ಒಳ್ಳೆಯದೇ, ಆದರೆ ಅಂಥ ಕುದುರೆಗೆ ಬಹುಮಾನ ಕೊಡದಿರುವ ತೀರ್ಪುಗಾರರು ಅದಕ್ಕಿಂತ ಹೆಚ್ಚು ಬೇಕು.

ಉಳಿದದ್ದು ಬ್ಯಾರೆಲ್ ರೇಸಿಂಗ್. ಇದು ದನದ ಕೆಲಸವಲ್ಲ, ಕೌಬಾಯ್‌ಗಳ ಕ್ರೀಡಾಕೂಟವಾದ ರೋಡಿಯೋದ ಕಣದಲ್ಲಿ ಹೆಂಗಸರು ಬೆಳೆಸಿದ ಪಂದ್ಯ. ರೋಡಿಯೋದಲ್ಲಿ ತಮಗೆ ಸರಿಯಾದ ಸ್ಪರ್ಧೆಯೂ ಬಹುಮಾನವೂ ಇಲ್ಲವೆಂದು 1948ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಜೆಲೋದಲ್ಲಿ 38 ಹೆಂಗಸರು ಸೇರಿ ಗರ್ಲ್ಸ್ ರೋಡಿಯೋ ಅಸೋಸಿಯೇಷನ್ ಕಟ್ಟಿದರು. ತ್ರಿಕೋನದಲ್ಲಿ ಮೂರು ಡ್ರಮ್ಮು. ಮೊದಲೆರಡರ ನಡುವೆ 90 ಅಡಿ, ಅವೆರಡರಿಂದ ಮೂರನೆಯದಕ್ಕೆ 105 ಅಡಿ. ಮೂರನ್ನೂ ಸುತ್ತಿ, ಹೊರಟ ಗೆರೆಯತ್ತ ನೇರವಾಗಿ ಓಡಿ ಬರಬೇಕು. ಡ್ರಮ್ಮು ಉರುಳಿದರೆ 5 ಸೆಕೆಂಡು ಸೇರಿಸುತ್ತಾರೆ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಗೆಲುವು ನಿರ್ಧಾರವಾಗುವ ಪಂದ್ಯದಲ್ಲಿ ಐದು ಸೆಕೆಂಡೆಂದರೆ ಸೋತಂತೆಯೇ. ವೇಗದಿಂದಷ್ಟೇ ಇದನ್ನು ಗೆಲ್ಲಲಾಗದು. ಡ್ರಮ್ಮಿನ ಹತ್ತಿರ ಎಷ್ಟು ಬೇಗ ವೇಗ ಇಳಿಸಿ, ಎಷ್ಟು ಒತ್ತಾಗಿ ತಿರುಗಿ, ಎಷ್ಟು ಬೇಗ ಮತ್ತೆ ವೇಗ ಹಿಡಿಯುತ್ತದೆ ಎಂಬುದು ಮುಖ್ಯ.

ಶಾರ್ಮೇನ್ ಜೇಮ್ಸ್ 1984ರಿಂದ 1993ರವರೆಗೆ ಸತತ ಹತ್ತು ಬಾರಿ ಇದರ ವಿಶ್ವ ಚಾಂಪಿಯನ್ ಆದರು. ಮೊದಲ ಬಾರಿ ಗೆದ್ದಾಗ ಆಕೆಗೆ 14 ವರ್ಷ, ನಿಮ್ಮ ಮಗಳಿಗಿಂತ ದೊಡ್ಡವರೇನಲ್ಲ. ಹತ್ತೂ ಗೆಲುವು ಒಂದೇ ಕುದುರೆಯ ಮೇಲೆ, ಹೆಸರು ಸ್ಕ್ಯಾಂಪರ್. 1985ರಲ್ಲಿ ಲಾಸ್ ವೇಗಸ್‌ನ ರಾಷ್ಟ್ರೀಯ ಫೈನಲ್ಸ್‌ನ ಏಳನೇ ಸುತ್ತಿನಲ್ಲಿ ಅದರ ತಲೆಯ ಮೇಲಿನ ಕಡಿವಾಣ ಕಳಚಿಹೋಯಿತು. ನಿಲ್ಲಿಸಲಾಗದ, ತಿರುಗಿಸಲಾಗದ ಸ್ಥಿತಿ. ಆದರೂ ಸ್ಕ್ಯಾಂಪರ್ ಮೂರು ಡ್ರಮ್ಮುಗಳನ್ನೂ ಸರಿಯಾಗಿ ಸುತ್ತಿ ಬಂದು ಆ ಸುತ್ತನ್ನು ಗೆದ್ದಿತು. ಕಟಿಂಗ್‌ನಲ್ಲಿ ನಿಯಮವಾಗಿರುವ ನಂಬಿಕೆ ಇಲ್ಲಿ ಅವಘಡದಲ್ಲಿ ಕೆಲಸಕ್ಕೆ ಬಂತು.

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಆಟದಲ್ಲಿ ನಿಮ್ಮ ಮಗಳ ಒಂದು ದಿನ ಕುದುರೆಗೆ ಎರಡು ತಿಂಗಳು, ಹಾಗಾಗಿ ಮೂರು ವರ್ಷ ತುಂಬಲು 18 ದಿನ ಸಾಕು. ಮೂರು ವರ್ಷ ಎಂಬುದು ಆಟದವರು ಸುಮ್ಮನೆ ಇಟ್ಟ ಸಂಖ್ಯೆಯಲ್ಲ. 1962ರಲ್ಲಿ ಆರಂಭವಾದ ಕಟಿಂಗ್ ಫ್ಯೂಚುರಿಟಿಯೂ ರೈನಿಂಗ್‌ನ ಫ್ಯೂಚುರಿಟಿಯೂ ಮೂರು ವರ್ಷದ ಕುದುರೆಗಳಿಗೇ. ದೊಡ್ಡ ಹಣ ಅಲ್ಲಿರುವುದರಿಂದ ಎರಡನೇ ವರ್ಷಕ್ಕೇ ಜೀನು ಹಾಕಿ ತರಬೇತಿ ಶುರುಮಾಡುತ್ತಾರೆ. ಕುದುರೆಯ ಬೆನ್ನುಮೂಳೆ ಪೂರ್ತಿ ಬಲಿಯಲು ಐದು ವರ್ಷಕ್ಕೂ ಹೆಚ್ಚು ಬೇಕು. ಎಳೆಯ ಮೂಳೆ ಕೀಲುಗಳ ಮೇಲೆ ಜಾರುವ ನಿಲುಗಡೆಯ ಭಾರ ಹೇರುವುದು ಸರಿಯೇ ಎಂಬ ವಾದ ಅಲ್ಲಿ ಬಹಳ ಕಾಲದಿಂದ ನಡೆದಿದೆ. ತಡವಾಗಿ ಶುರುಮಾಡಿ ಎಂದು ಹೇಳುವವರ ಪಕ್ಷ ನನ್ನದು. ಆಟದಲ್ಲಿ ದಣಿದ ಕುದುರೆಯ ಶಕ್ತಿಪಟ್ಟಿ ರಾತ್ರಿ ಮಲಗಿಸಿದರೆ ಮತ್ತೆ ತುಂಬಿಕೊಳ್ಳುತ್ತದೆ. ನಿಜದ ಕುದುರೆಯ ಸವೆದ ಕೀಲು ಹಾಗೆ ತುಂಬಿಕೊಳ್ಳುವುದಿಲ್ಲ ಎಂಬುದನ್ನು ಎಂಟನೇ ತರಗತಿಯ ಹುಡುಗಿಗೆ ಹೇಳಬಹುದು, ಅವಳಿಗೆ ಅರ್ಥವಾಗುತ್ತದೆ.

ಕೊನೆಯದಾಗಿ ಬೆಂಗಳೂರು. ಇಲ್ಲಿಯ ಸವಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಕಲಿಸುವುದು ಆಟ ‘ಕ್ಲಾಸಿಕ್’ ಎನ್ನುವ ಇಂಗ್ಲಿಷ್ ಶೈಲಿಯನ್ನು: ಕೊಂಬಿಲ್ಲದ ಹಗುರ ಜೀನು, ಎರಡೂ ಕೈಯಲ್ಲಿ ಲಗಾಮು, ಡ್ರೆಸಾಜ್, ಜಿಗಿತ. ಈ ದಾರಿಯಲ್ಲಿ ಬೆಂಗಳೂರಿನವರು ದೂರ ಹೋಗಿದ್ದಾರೆ. ಇಲ್ಲೇ ಬೆಳೆದ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಇವೆಂಟಿಂಗ್ ಎಂಬ ಅಶ್ವಸ್ಪರ್ಧೆಯಲ್ಲಿ ವೈಯಕ್ತಿಕ ಬೆಳ್ಳಿಯನ್ನೂ ತಂಡದ ಬೆಳ್ಳಿಯನ್ನೂ ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿ 23ನೆಯವರಾದರು. ಮಗಳು ವೆಸ್ಟರ್ನ್ ಆರಿಸಿದ್ದಾಳೆಂದು ಇಲ್ಲಿ ಸೇರಿಸಲು ಹಿಂಜರಿಯಬೇಡಿ. ಕುದುರೆಯ ಹತ್ತಿರ ಹೇಗೆ ಹೋಗಬೇಕು, ಗೊರಸು ಎತ್ತಿ ಹೇಗೆ ಕೆರೆಯಬೇಕು, ಮೈ ಹೇಗೆ ಉಜ್ಜಬೇಕು, ಕಾಲಿನ ಒತ್ತಡದಿಂದ ಹೇಗೆ ಹೇಳಬೇಕು ಎಂಬುದು ಎರಡೂ ಶೈಲಿಗೆ ಒಂದೇ. ಶಾಲೆ ಆರಿಸುವಾಗ ಶುಲ್ಕ ಕೇಳುವ ಮೊದಲು ಲಾಯಕ್ಕೆ ಹೋಗಿ ಕುದುರೆಗಳನ್ನು ನೋಡಿ: ಪಕ್ಕೆಲುಬು ಎದ್ದು ಕಾಣುತ್ತಿದೆಯೇ, ಜೀನು ಕೂರುವ ಜಾಗದಲ್ಲಿ ಹುಣ್ಣಿದೆಯೇ, ನೀರಿನ ತೊಟ್ಟಿ ತುಂಬಿದೆಯೇ, ಹೊಸಬರು ಹತ್ತಿರ ಬಂದಾಗ ಅವು ಕಿವಿ ಹಿಂದಕ್ಕೆ ಒತ್ತುತ್ತವೆಯೇ. ಆ ತಪಾಸಣೆಗೆ ಮಗಳನ್ನೂ ಕರೆದುಕೊಂಡು ಹೋಗಿ.